ನಿಮ್ಮ ಹಾಡುಗಳ ಬೇರನ್ನು ಹುಡುಕುವ ಬಗೆ

ಸಂಗೀತದ ಅಭಿರುಚಿ ನಿಮಗೆ ಯಾರಿಂದ ಬಂದಿತೆಂದು ತಿಳಿಯಲು, ತಟ್ಟನೆ ನೆನಪಾಗುವ ಹತ್ತು ಹಾಡುಗಳನ್ನು ಬರೆದು, ಪ್ರತಿಯೊಂದರ ಎದುರು ಅದನ್ನು ಮೊದಲು ಕೇಳಿದ ಜಾಗವನ್ನೂ ಜೊತೆಗಿದ್ದವರನ್ನೂ ನಮೂದಿಸಿರಿ. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಹೆಚ್ಚು ಗಾಢವಾಗಿ ಉಳಿಯುವುದನ್ನು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಆ ವರ್ಷಗಳಿಗೆ ಹೆಚ್ಚು ಪುಟಗಳನ್ನು ಮೀಸಲಿಡಿ.

ನನ್ನ ಪಟ್ಟಿಯಲ್ಲಿ ಕಲ್ಯಾಣಿ ರಾಗದ ಎದುರು ಅಜ್ಜಿಯಿದ್ದಾರೆ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅವರೆಕಾಳು ಹಿತುಕುತ್ತಾ ಆಕಾಶವಾಣಿಯ ಸಂಗೀತ ಕಛೇರಿ ಕೇಳುತ್ತಿದ್ದ ಅವರ ಬೆರಳುಗಳು, ರಾಗದ ಆಲಾಪನೆ ಮೇಲಿನ ಸ್ವರಗಳ ತಾರಸ್ಥಾಯಿಗೆ ಏರಿದೊಡನೆ ಸುಮ್ಮನೆ ನಿಂತುಬಿಡುತ್ತಿದ್ದವು. ಆ ರಾಗವನ್ನು ನಾನು ಇಂದಿಗೂ ಆ ಮೌನದೊಂದಿಗೇ ಕೇಳುತ್ತೇನೆ.

ಹಿರಿಯರನ್ನು ವಿಚಾರಿಸುವಾಗ “ಯಾವ ಹಾಡು ಇಷ್ಟ?” ಎನ್ನುವ ಬದಲು “ನಿಮ್ಮ ಮದುವೆಯಲ್ಲಿ ಹಸೆಗೆ ಕರೆಯುವ ಹಾಡು ಹೇಳಿದವರು ಯಾರು?” ಎಂದು ಕೇಳಿರಿ. ಅಗಲಿದವರ ನೆನಪು ತರುವ ಹಾಡನ್ನು ಮಾತ್ರ ಅವರಾಗಿಯೇ ಎತ್ತುವವರೆಗೆ ಕಾಯಿರಿ.