ಎಚ್. ಪೈಲೋರಿಗೆ ಔಷಧಿ ಬರೆಯುವ ಮುಂಚೆ ಹಳೇ ಚೀಟಿ ನೋಡುತ್ತೇನೆ

ಎಂಡೋಸ್ಕೋಪಿಗೆ ದಿನ ಕೊಡುವಾಗಲೇ ಒಂದು ಮಾತು ಹೇಳಿ ಕಳಿಸುತ್ತೇನೆ. ಬರುವಾಗ ಮನೆಯಲ್ಲಿರುವ ಹಳೇ ಚೀಟಿ, ಖಾಲಿ ಮಾತ್ರೆ ಶೀಟು ಏನಿದ್ದರೂ ತನ್ನಿ, ಎರಡು ಮೂರು ವರ್ಷದ್ದಾದರೂ ಪರವಾಗಿಲ್ಲ. ದಾವಣಗೆರೆಯಲ್ಲಿ ಹೊಟ್ಟೆ ರೋಗಗಳನ್ನೇ ನೋಡುವ ನನಗೆ, ಎಚ್. ಪೈಲೋರಿಗೆ, ಅಂದರೆ ಹೊಟ್ಟೆಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾಗೆ, ಯಾವ ಆಂಟಿಬಯೋಟಿಕ್ ಕೊಡಬೇಕು ಅಂತ ತೀರ್ಮಾನಿಸಲು ಇದರಷ್ಟು ನೆರವಾಗುವುದು ಬೇರೆ ಇಲ್ಲ.

ಹೊಟ್ಟೆ ಹುಣ್ಣಿಗೆ ಖಾರ, ಚಿಂತೆ ಕಾರಣ ಅಂತ ಡಾಕ್ಟರುಗಳೇ ನಂಬಿದ್ದ ಕಾಲವಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮೂರಲ್ಲಿ ಇನ್ನೂ ಮಿರ್ಚಿ ಮಂಡಕ್ಕಿ ಮೇಲೇ ತಪ್ಪು ಹೊರಿಸುತ್ತಾರೆ. ನಮ್ಮ ದೇಶದ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಟ್ಟೆಯಲ್ಲಿ ಇದು ಇದೆ, ಬಹಳ ಜನರಿಗೆ ತೊಂದರೆಯನ್ನೇ ಕೊಡುವುದಿಲ್ಲ. ಹಾಗಾಗಿ ಗ್ಯಾಸ್ಟ್ರಿಕ್ ಅಂದವರಿಗೆಲ್ಲ ನಾನು ಟೆಸ್ಟ್ ಬರೆಯುವುದಿಲ್ಲ. ಹುಣ್ಣು ಇದ್ದರೆ, ರಕ್ತಸ್ರಾವ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕ್ಯಾನ್ಸರ್ ಬಂದಿದ್ದರೆ, ಕಾರಣ ಸಿಗದೆ ಕಬ್ಬಿಣದ ಅಂಶ ಕಡಿಮೆಯಾಗುತ್ತಿದ್ದರೆ ಹುಡುಕುತ್ತೇನೆ. ಹುಡುಕಿ ಸಿಕ್ಕ ಮೇಲೆ ಪೂರ್ತಿ ತೆಗೆಯಲೇಬೇಕು.

ತೆಗೆಯುವುದೇ ಈಗ ಕಷ್ಟ. ಆಸಿಡ್ ಮಾತ್ರೆ (ಹೊಟ್ಟೆಯ ಆಸಿಡ್ ಇಳಿಸುವ ಮಾತ್ರೆ), ಕ್ಲಾರಿಥ್ರೋಮೈಸಿನ್, ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್‌ಗಳು ಸೇರಿದ ಕಿಟ್ ಬರೆದು ನಿಶ್ಚಿಂತೆಯಿಂದ ಇರುವ ಕಾಲ ಹೋಯಿತು. ಒಂದು ಊರಿನಲ್ಲಿ ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಶೇ. 15 ದಾಟಿದರೆ, ಪರೀಕ್ಷೆ ಮಾಡದೆ ಅದನ್ನು ಕೊಡಬಾರದು ಅಂತ ನಿಯಮವೇ ಇದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಿ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು.

ಎಂಡೋಸ್ಕೋಪಿಯಲ್ಲಿ ತೆಗೆದ ಸಣ್ಣ ಚೂರನ್ನು ಹಳದಿ ಜೆಲ್‌ಗೆ ಒತ್ತಿದರೆ, ಬ್ಯಾಕ್ಟೀರಿಯಾ ಇದ್ದಲ್ಲಿ ಸುತ್ತ ಗುಲಾಬಿ ಬಣ್ಣ ಹರಡುತ್ತದೆ. ಇದೆಯೋ ಇಲ್ಲವೋ ಅಷ್ಟೇ ಅದು ಹೇಳುತ್ತದೆ. ಯಾವ ಔಷಧಿಗೆ ಸಾಯುತ್ತದೆ ಅಂತ ತಿಳಿಯಲು ಕಲ್ಚರ್ ಮಾಡಬೇಕು, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿ ನೋಡಬೇಕು. ಇದು ನಿಧಾನವಾಗಿ, ಕಡಿಮೆ ಆಮ್ಲಜನಕದಲ್ಲಿ ಮಾತ್ರ ಬೆಳೆಯುವ ಬ್ಯಾಕ್ಟೀರಿಯಾ. ಎಲ್ಲ ಲ್ಯಾಬ್‌ಗಳಲ್ಲೂ ಆಗುವ ಕೆಲಸವಲ್ಲ. ಅದಕ್ಕೇ ಹಳೇ ಚೀಟಿಗಳು ಮುಖ್ಯ, ಹಿಂದೆ ತಿಂದ ಆಂಟಿಬಯೋಟಿಕ್‌ಗೆ ಇದು ಬಗ್ಗದ ಹಾಗಾಗಿರಬಹುದು.

ಜಗಳೂರು ಕಡೆಯ ರೈತರೊಬ್ಬರು ಹೆಂಡತಿ ಜೊತೆ ಬಂದಿದ್ದರು. ಡ್ಯುಯೋಡಿನಂನಲ್ಲಿ (ಸಣ್ಣ ಕರುಳಿನ ಮೊದಲ ಭಾಗ) ಹುಣ್ಣು, ಜೆಲ್ ಗುಲಾಬಿ.

"ಹಿಂದೆ ಆಂಟಿಬಯೋಟಿಕ್ ಏನಾದ್ರೂ ತಗೊಂಡಿದ್ರಾ ಯಜಮಾನ್ರೇ?"

"ಇಲ್ರೀ ಸಾರ್, ಅಂಥಾವೇನೂ ತಗಂಡಿಲ್ಲ."

"ನೆಗಡಿ, ಗಂಟಲು ನೋವು ಬಂದಾಗ?"

ಉತ್ತರ ಕೊಟ್ಟಿದ್ದು ಅವರ ಹೆಂಡತಿ. "ಮೆಡಿಕಲ್ ಶಾಪ್‌ನಾಗೆ ಕೇಳಿ ತರ್ತಾರ್ರೀ, ಮೂರು ದಿನದ ಮಾತ್ರೆ." ಕವರ್ ಬಿಚ್ಚಿದರು. ಅಜಿಥ್ರೋಮೈಸಿನ್ ಶೀಟು ಒಂದಲ್ಲ, ಹಲವು. ಅದರ ಕೆಳಗೆ ಭೇದಿಗೆ ತಂದ ಆಫ್ಲಾಕ್ಸಾಸಿನ್-ಆರ್ನಿಡಜೋಲ್.

ಆ ಕವರ್ ನನಗೆ ಬೇಕಾದ್ದನ್ನೆಲ್ಲ ಹೇಳಿತು. ಅಜಿಥ್ರೋಮೈಸಿನ್ ಮತ್ತು ಕ್ಲಾರಿಥ್ರೋಮೈಸಿನ್ ಒಂದೇ ಮನೆತನ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೂ ಬಗ್ಗುವುದಿಲ್ಲ, ಡೋಸ್ ಏರಿಸಿದರೂ ಉಪಯೋಗವಿಲ್ಲ. ಆಫ್ಲಾಕ್ಸಾಸಿನ್ ತಿಂದವರಿಗೆ ಅದೇ ಜಾತಿಯ ಲಿವೋಫ್ಲಾಕ್ಸಾಸಿನ್ ಮೇಲೂ ಭರವಸೆ ಇಡುವಂತಿಲ್ಲ. ಆರ್ನಿಡಜೋಲ್ ಅಂದರೆ ಎಚ್. ಪೈಲೋರಿಗೆ ಕೊಡುವ ಮೆಟ್ರೋನಿಡಜೋಲ್‌ನ ನಂಟ. ಆದರೆ ಇಲ್ಲಿ ಒಂದು ಅನುಕೂಲ ಇದೆ. ಪೂರ್ತಿ ಡೋಸ್‌ನಲ್ಲಿ, ಬಿಸ್ಮತ್ (ಹುಣ್ಣಿಗೆ ಕೊಡುವ ಲೋಹದ ಲವಣ) ಜೊತೆಗೆ, 14 ದಿನ ಕೊಟ್ಟರೆ ಮೆಟ್ರೋನಿಡಜೋಲ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನೂ ಬಹುಮಟ್ಟಿಗೆ ಮಣಿಸಬಹುದು.

ಹಾಗಾಗಿ ಅವರಿಗೆ ಆರಿಸಿದ್ದು ನಾಲ್ಕು ಔಷಧಿಯ ಕೋರ್ಸ್. ಆಸಿಡ್ ಮಾತ್ರೆ ದಿನಕ್ಕೆ ಎರಡು ಸಲ, ಊಟಕ್ಕೆ ಅರ್ಧ ಗಂಟೆ ಮುಂಚೆ. ಬಿಸ್ಮತ್ 120 ಮಿ.ಗ್ರಾಂ., ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ., ಮೆಟ್ರೋನಿಡಜೋಲ್ 400 ಮಿ.ಗ್ರಾಂ., ಈ ಮೂರನ್ನೂ ದಿನಕ್ಕೆ ನಾಲ್ಕು ಸಲ. ಟೆಟ್ರಾಸೈಕ್ಲಿನ್‌ಗೆ ಈ ಬ್ಯಾಕ್ಟೀರಿಯಾ ಬಗ್ಗದಿರುವುದು ಕಡಿಮೆ. ಆದರೆ ಅಂಗಡಿಗಳಲ್ಲಿ ಅದು ಸಿಗುವುದೂ ಕಡಿಮೆ. ಬರೆಯುವ ಮುಂಚೆ ಫೋನ್ ಮಾಡಿ ಸ್ಟಾಕ್ ಕೇಳುತ್ತೇನೆ. ಇಲ್ಲವಾದರೆ ಅಂಗಡಿಯವರು ಡಾಕ್ಸಿಸೈಕ್ಲಿನ್ ಕೊಟ್ಟು ಕಳಿಸಿಬಿಡಬಹುದು, ಅದು ಇದರಷ್ಟು ಕೆಲಸ ಮಾಡಲ್ಲ. ಟೆಟ್ರಾಸೈಕ್ಲಿನ್ ಸಿಗದಿದ್ದಾಗ, ಗರ್ಭಿಣಿಯರಲ್ಲದಿದ್ದರೆ ಮತ್ತು ಪೆನಿಸಿಲಿನ್ ಅಲರ್ಜಿ ಇಲ್ಲದಿದ್ದರೆ, ವೊನೊಪ್ರಜಾನ್ ಎಂಬ, ಆಸಿಡ್ ಚೆನ್ನಾಗಿ ಇಳಿಸುವ ಮಾತ್ರೆ ಜೊತೆ ಅಮಾಕ್ಸಿಸಿಲಿನ್ 1 ಗ್ರಾಂ. ದಿನಕ್ಕೆ ಮೂರು ಸಲ ಕೊಡುವ ದಾರಿಯೂ ಈಗ ಇದೆ. ಆಸಿಡ್ ಚೆನ್ನಾಗಿ ಇಳಿದರೆ ಬ್ಯಾಕ್ಟೀರಿಯಾ ದ್ವಿಗುಣವಾಗಲು ಶುರು ಮಾಡುತ್ತದೆ. ಅಮಾಕ್ಸಿಸಿಲಿನ್ ಕೊಲ್ಲುವುದು ಆಗಲೇ.

ಚೀಟಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ವಿವರಿಸಲು ಬೇಕು, ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಮಲ ಕಪ್ಪಗಾಗುತ್ತದೆ, ಅದು ಬಿಸ್ಮತ್‌ನಿಂದ, ಹೆದರಬೇಡಿ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ತಲೆಸುತ್ತು ಜೊತೆಗೆ ಬಂದರೆ ಕೂಡಲೇ ಬನ್ನಿ. ಬಾಯಿ ಕಹಿಯಾಗುತ್ತದೆ. ಕುಡಿಯುವ ಅಭ್ಯಾಸ ಇದ್ದರೆ ಈ ದಿನಗಳಲ್ಲಿ ಮುಟ್ಟಲೇಬಾರದು. ಟೆಟ್ರಾಸೈಕ್ಲಿನ್ ಹಾಲಿನ ಜೊತೆ ಬೇಡ, ಕಬ್ಬಿಣದ ಮಾತ್ರೆ ಜೊತೆಯೂ ಬೇಡ. ಇದನ್ನೆಲ್ಲ ಹೆಂಡತಿಗೂ ಹೇಳಿದೆ. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಅವರೇ ಅಲ್ವಾ?

ನೋವು ಹೋದ ಕೂಡಲೇ ಸುಮ್ನೆ ಬಿಟ್ಟುಬಿಡುವವರು ಬಹಳ. ನೋವು ಇಳಿದಿದ್ದು ಆಸಿಡ್ ಮಾತ್ರೆಯಿಂದಲೂ ಇರಬಹುದು. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ, ಆಸಿಡ್ ಮಾತ್ರೆ ಎರಡು ವಾರ ನಿಲ್ಲಿಸಿ, ಮಲದ ಆಂಟಿಜೆನ್ ಟೆಸ್ಟ್ (ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವುದು) ಅಥವಾ ಉಸಿರಿನ ಟೆಸ್ಟ್ ಮಾಡಿಸಲೇಬೇಕು. ರಕ್ತದ ಆಂಟಿಬಾಡಿ ಟೆಸ್ಟ್ ಇದಕ್ಕೆ ಆಗಲ್ಲ, ಬ್ಯಾಕ್ಟೀರಿಯಾ ಹೋದರೂ ಅದು ಬಹುಕಾಲ ಪಾಸಿಟಿವ್ ತೋರಿಸುತ್ತದೆ. ಆ ರೈತರ ಮಲದ ಟೆಸ್ಟ್ ನೆಗೆಟಿವ್ ಬಂತು. ಪಾಸಿಟಿವ್ ಬಂದಿದ್ದರೆ ಅದೇ ಕೋರ್ಸ್ ಮತ್ತೆ ಕೊಡುತ್ತಿರಲಿಲ್ಲ. ಅಮಾಕ್ಸಿಸಿಲಿನ್ ಕಡೆ ಹೋಗುತ್ತಿದ್ದೆ, ಅದೂ ಸೋತರೆ ಬಯಾಪ್ಸಿ ಚೂರನ್ನು ದೊಡ್ಡ ಲ್ಯಾಬ್‌ಗೆ ಕಳಿಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ಪರೀಕ್ಷೆ ಮಾಡಿಸುತ್ತಿದ್ದೆ.