ನಮ್ಮ ಸರಿ-ತಪ್ಪು ಏನು ಅಂತ ನಾವೇ ಕೂತು ನೋಡ್ಕೊಳ್ಳೋದು ಹೇಗೆ

"ನನ್ನ ಮೌಲ್ಯಗಳೇನು" ಅಂತ ಬರ್ಕೊಂಡು ಶುರು ಮಾಡ್ಬೇಡಿ, ಹಾಗ್ ಮಾಡಿದ್ರೆ ಸತ್ಯ, ದಯೆ, ಪ್ರಾಮಾಣಿಕತೆ ಅಂತ ಕೇಳೋಕೆ ಚೆನ್ನಾಗಿರೋ ಪದಗಳೇ ಬರುತ್ವೆ, ಯಾರನ್ನ ಕೇಳಿದ್ರೂ ಅದೇ ಲಿಸ್ಟು.

ಅದ್ರ ಬದ್ಲು ಈ ತಿಂಗಳಲ್ಲಿ ತುಂಬಾ ಸಿಟ್ಟು ಬಂದಿದ್ದು ಒಂದು, ಒಳಗೊಳಗೇ ನಾಚಿಕೆ ಆಗಿದ್ದು ಒಂದು ಬರೀರಿ. ಸಿಟ್ಟು ನಾವು ಬೇರೆಯವ್ರಿಂದ ಏನು ಬಯಸ್ತೀವಿ ಅಂತ ಹೇಳುತ್ತೆ, ನಾಚಿಕೆ ನಮ್ಮಿಂದಲೇ ಏನು ಬಯಸ್ತೀವಿ ಅಂತ ಹೇಳುತ್ತೆ. ಎರಡೂ ಒಂದೇನಾ ನೋಡಿ. ನಂಗೆ ಒಂದೇ ಆಗಿರ್ಲಿಲ್ಲ, ಬೇರೆಯವ್ರು ಸುಳ್ಳು ಹೇಳಿದ್ರೆ ಉರಿದು ಬೀಳ್ತಿದ್ದೆ ಆದ್ರೆ ನಾನೇ ಫೋನಲ್ಲಿ "ದಾರೀಲಿದೀನಿ" ಅಂತ ಮನೇಲಿ ಕೂತ್ಕೊಂಡು ಹೇಳ್ತಿದ್ದೆ, ಅದು ಕಾಗದದ ಮೇಲೆ ಕಂಡಾಗ ನಿಜವಾಗ್ಲೂ ಬೇಜಾರಾಯ್ತು.

ಆಮೇಲೆ ಪ್ರತಿಯೊಂದಕ್ಕೂ ಕೇಳ್ಕೊಳ್ಳಿ, ಇದು ತಪ್ಪು ಅಂತ ನಂಗೆ ಯಾರು ಹೇಳ್ಕೊಟ್ರು? ಅಪ್ಪ ಅಮ್ಮನಾ, ಸ್ಕೂಲಾ, ಭಯನಾ? ಹೇಳ್ಕೊಟ್ಟಿದ್ದು ಅನ್ನೋ ಕಾರಣಕ್ಕೆ ಬಿಡ್ಬೇಕಿಲ್ಲ, ಆದ್ರೆ ಯಾರೂ ನೋಡ್ದೇ ಇದ್ರೂ ಇದನ್ನ ಪಾಲಿಸ್ತೀನಾ ಅಂತ ಕೇಳಿ.

ಅಭ್ಯಾಸಕ್ಕೆ ಅಮೆರಿಕದ ಹಳೇ ಕಾಲದ ನಾಯಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ್ದು ಒಳ್ಳೇ ದಾರಿ, 13 ಗುಣಗಳನ್ನ ಪಟ್ಟಿ ಮಾಡಿ ವಾರಕ್ಕೊಂದರ ಮೇಲೆ ಗಮನ ಇಟ್ಟು ತಪ್ಪಿದಾಗೆಲ್ಲ ಪುಸ್ತಕದಲ್ಲಿ ಚುಕ್ಕೆ ಹಾಕ್ತಿದ್ರು, ಹಂಗೆ ವರ್ಷಕ್ಕೆ 4 ಸುತ್ತು. ನಮಗೆ 13 ಜಾಸ್ತಿ ಅನ್ಸುತ್ತೆ, 3 ಸಾಕು.

ಚುಕ್ಕೆ ಜಾಸ್ತಿ ಆಯ್ತು ಅಂತ ಪುಸ್ತಕ ಮುಚ್ಬೇಡಿ, ಯಾರಿಗಾದ್ರೂ ನೋವು ಮಾಡಿದ್ರೆ ಅವ್ರ ಹತ್ರ ಹೋಗಿ ಕ್ಷಮೆ ಕೇಳಿ, ಚುಕ್ಕೆ ಆಮೇಲೆ ಹಾಕೋಣ.