ರಿಯಾಯಿತಿಯ ಡವ್‌ಟೇಲ್ ಜಿಗ್: ಕೊಳ್ಳುವ ಮುನ್ನ ನಾನು ಹಾಕಿದ ಲೆಕ್ಕ

ಹನ್ನೆರಡು ಇಂಚಿನ, ಸ್ಥಿರ ಟೆಂಪ್ಲೇಟಿನ ಡವ್‌ಟೇಲ್ ಜಿಗ್ ಒಂದು ದೊಡ್ಡ ರಿಯಾಯಿತಿಯಲ್ಲಿ ಮಾರಾಟಕ್ಕೆ ಬಂದಾಗ ಅದನ್ನು ಕೊಳ್ಳಬೇಕೇ ಬೇಡವೇ ಎಂದು ನಾನು ಸಾಕಷ್ಟು ಯೋಚಿಸಬೇಕಾಯಿತು. ಡವ್‌ಟೇಲ್ ಎಂದರೆ ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳಿಂದ ಎರಡು ಹಲಗೆಗಳನ್ನು ಮೂಲೆಯಲ್ಲಿ ಹೆಣೆಯುವ ಜೋಡಣೆ. ಅದನ್ನು ರೂಟರಿನಿಂದ, ಅಂದರೆ ತಿರುಗುವ ಬಿಟ್ಟಿನಿಂದ ಮರ ಕೊರೆಯುವ ಯಂತ್ರದಿಂದ, ಕತ್ತರಿಸುವಾಗ ಹಲಗೆಗಳನ್ನು ಹಿಡಿದಿಡುವ ಸಾಧನ ಜಿಗ್; ರೂಟರಿಗೆ ದಾರಿ ತೋರುವ, ಬೆರಳುಗಳಿರುವ ಪಟ್ಟಿ ಅದರ ಟೆಂಪ್ಲೇಟು. ಅಲ್ಲಿಯವರೆಗೆ ನನ್ನ ಪೆಟ್ಟಿಗೆಗಳ ಮತ್ತು ಡ್ರಾಯರುಗಳ ಮೂಲೆಗಳನ್ನೆಲ್ಲ ಗರಗಸ, ಉಳಿ, ಕೊಡತಿಗಳಿಂದಲೇ ಕತ್ತರಿಸುತ್ತಿದ್ದೆ. ಆ ಕೆಲಸ ನನಗೆ ಬೇಸರ ತಂದಿರಲಿಲ್ಲ. ಆದರೆ ಒಂದೇ ಬಗೆಯ ಡ್ರಾಯರುಗಳ ಸಾಲೊಂದನ್ನು ಮಾಡುವ ಕೆಲಸ ಮುಂದೆ ನಿಂತಿತ್ತು, ರಿಯಾಯಿತಿಗೆ ಕೊನೆಯ ದಿನವೂ ಇತ್ತು. ಇಂಥ ಸಂದರ್ಭದಲ್ಲಿ ಬೆಲೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಬೆಲೆಯನ್ನು ಕೊನೆಗೆ ಇಟ್ಟುಕೊಂಡು, ಈ ಜಿಗ್ ನನ್ನ ಕೆಲಸಕ್ಕೆ ಹೊಂದುತ್ತದೆಯೇ ಎಂಬುದನ್ನು ಮೊದಲು ತೀರ್ಮಾನಿಸಬೇಕೆಂದು ನಾನು ನಿಶ್ಚಯಿಸಿದೆ.

ಡವ್‌ಟೇಲ್ ಜಿಗ್ ಎಂಬ ಒಂದೇ ಹೆಸರಿನ ಕೆಳಗೆ ಸಾಕಷ್ಟು ಬೇರೆಬೇರೆಯಾದ ಸಾಧನಗಳಿವೆ. ಪೋರ್ಟರ್ ಕೇಬಲ್‌ನ 4200 ಸರಣಿಯಂಥವುಗಳಲ್ಲಿ ಟೆಂಪ್ಲೇಟಿನ ಬೆರಳುಗಳ ನಡುವಿನ ಅಂತರ ಬದಲಾಗುವುದಿಲ್ಲ. ಲೀ ಕಂಪನಿಯ 24 ಇಂಚಿನ ಡಿ4ಆರ್‌ನಲ್ಲಿ ಒಂದೊಂದು ಬೆರಳನ್ನೂ ಸಡಿಲಿಸಿ ಬೇಕಾದ ಕಡೆಗೆ ಸರಿಸಬಹುದು. ಕೆಲರ್ ಮಾದರಿಯಲ್ಲಿ ಟೇಲ್‌ಗಳಿಗೆ (ಒಂದು ಹಲಗೆಯ ಬಾಲದಾಕಾರದ ಹಲ್ಲುಗಳು) ಒಂದು, ಪಿನ್‌ಗಳಿಗೆ (ಅವುಗಳ ನಡುವೆ ಕೂರುವ ಇನ್ನೊಂದು ಹಲಗೆಯ ಹಲ್ಲುಗಳು) ಒಂದು ಎಂದು ಎರಡು ಟೆಂಪ್ಲೇಟುಗಳಿದ್ದು, ಬೇರಿಂಗ್ ಇರುವ ಬಿಟ್‌ಗಳು ಅವುಗಳ ಅಂಚನ್ನು ಹಿಡಿದು ಸಾಗುತ್ತವೆ. ರಿಯಾಯಿತಿಯಲ್ಲಿದ್ದದ್ದು ಮೊದಲನೆಯ ವರ್ಗಕ್ಕೆ ಸೇರಿದ, ಕೇವಲ ಹಾಫ್ ಬ್ಲೈಂಡ್ ಜೋಡಣೆಯನ್ನು ಕತ್ತರಿಸುವ ಜಿಗ್. ಅಂದರೆ ಡ್ರಾಯರಿನ ಮುಂಭಾಗದಿಂದ ನೋಡಿದರೆ ಜೋಡಣೆ ಕಾಣದೆ, ಪಕ್ಕದಿಂದ ಮಾತ್ರ ಕಾಣುವಂಥದ್ದು. ಎರಡು ಹಲಗೆಗಳ ತುದಿಗಳೂ ಹೊರಗೆ ಕಾಣುವ ಥ್ರೂ ಡವ್‌ಟೇಲ್ ಅದರಲ್ಲಿ ಸಾಧ್ಯವಿರಲಿಲ್ಲ.

ಆದ್ದರಿಂದ ಮುಂದೆ ಮಾಡಬೇಕೆಂದುಕೊಂಡಿದ್ದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಯಾವ ಜೋಡಣೆ ಬೇಕು, ಹಲಗೆಯ ದಪ್ಪ ಎಷ್ಟು, ಮೂಲೆಗಳು ಎಷ್ಟು ಎಂದು ನಮೂದಿಸಿದೆ. ಮುಚ್ಚಳವಿರುವ ಪೆಟಾರಿ, ಉಪಕರಣಗಳ ಪೆಟ್ಟಿಗೆ, ಗೋಡೆಗೆ ಹಾಕುವ ಸಣ್ಣ ಕಪಾಟು, ಇವೆಲ್ಲ ಥ್ರೂ ಡವ್‌ಟೇಲ್ ಕೇಳುವ ಕೆಲಸಗಳು. ಅಳತೆಯೂ ಒಂದೊಂದಕ್ಕೆ ಒಂದೊಂದು. ಹಾಫ್ ಬ್ಲೈಂಡ್ ಬೇಕಾಗಿದ್ದದ್ದು ಡ್ರಾಯರುಗಳಿಗೆ ಮಾತ್ರ. ಆದರೆ ಮೂಲೆಗಳನ್ನು ಎಣಿಸಿದರೆ ಉಳಿದ ಕೆಲಸಗಳೆಲ್ಲ ಸೇರಿದರೂ ಡ್ರಾಯರುಗಳ ಮೂಲೆಗಳೇ ಹೆಚ್ಚಾಗಿದ್ದವು, ಹಲಗೆಯ ದಪ್ಪವೂ ಎಲ್ಲ ಡ್ರಾಯರುಗಳಿಗೆ ಒಂದೇ ಆಗಿತ್ತು. ಜಿಗ್‌ಗೆ ಅನುಕೂಲವಾದ ಪರಿಸ್ಥಿತಿ ಇದೇ. ಏಕೆಂದರೆ ಜಿಗ್‌ನಲ್ಲಿ ಕತ್ತರಿಸುವುದಕ್ಕೆ ಹಿಡಿಯುವ ಸಮಯ ಅತ್ಯಲ್ಪ. ಸಮಯ ಹಿಡಿಯುವುದು ಅದನ್ನು ಹೊಂದಿಸುವುದಕ್ಕೆ, ಬೇಡದ ತುಂಡುಗಳಲ್ಲಿ ಪರೀಕ್ಷಿಸಿ ಬಿಗಿತವನ್ನು ಸರಿಮಾಡಿಕೊಳ್ಳುವುದಕ್ಕೆ. ಒಂದೇ ಪೆಟ್ಟಿಗೆಯ ನಾಲ್ಕು ಮೂಲೆಗಳಿಗಾಗಿ ಅಷ್ಟು ಸಿದ್ಧತೆ ಮಾಡುವುದಕ್ಕಿಂತ ಕೈಯಿಂದ ಕತ್ತರಿಸುವುದೇ ಬೇಗ. ಒಂದೇ ಅಳತೆ ಮತ್ತೆ ಮತ್ತೆ ಬರುವಾಗ ಮಾತ್ರ ಸಿದ್ಧತೆಯ ಸಮಯ ಎಲ್ಲ ಮೂಲೆಗಳಿಗೂ ಹಂಚಿಹೋಗುತ್ತದೆ.

ಮುಂದಿನ ಪ್ರಶ್ನೆ ಅಂತರದ್ದು, ಮತ್ತು ಸ್ಥಿರ ಟೆಂಪ್ಲೇಟಿನ ವಿಷಯದಲ್ಲಿ ಕೊಳ್ಳುವವರು ಅತ್ಯಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಆ ಜಿಗ್‌ನ ಬೆರಳುಗಳು 7/8 ಇಂಚಿಗೆ ಒಂದರಂತೆ, ಅಂದರೆ 22.2 ಮಿಲಿಮೀಟರಿಗೆ ಒಂದರಂತೆ ಬರುತ್ತವೆ. ಹಲಗೆಯ ಮೇಲಂಚಿನಲ್ಲಿಯೂ ಕೆಳಅಂಚಿನಲ್ಲಿಯೂ ಸರಿಯಾಗಿ ಅರ್ಧ ಪಿನ್ ಉಳಿದು ಜೋಡಣೆ ಸಮತೂಕವಾಗಿ ಕಾಣಬೇಕಾದರೆ ಹಲಗೆಯ ಅಗಲ ಈ ಅಂತರದ ಪೂರ್ಣ ಗುಣಕವಾಗಿರಬೇಕು. ನನ್ನ ನಕ್ಷೆಯಲ್ಲಿ ಡ್ರಾಯರುಗಳ ಎತ್ತರ 100, 125 ಮತ್ತು 175 ಮಿಲಿಮೀಟರ್ ಎಂದಿತ್ತು. ಒಂದು ರಟ್ಟಿನ ಪಟ್ಟಿಯ ಮೇಲೆ 22.2 ಮಿಲಿಮೀಟರಿಗೆ ಒಂದರಂತೆ ಗೆರೆ ಹಾಕಿ, ಅದನ್ನು ಪೂರ್ಣ ಅಳತೆಯ ನಕ್ಷೆಯ ಮೇಲೆ ಇಟ್ಟು ನೋಡಿದೆ. ನೂರು ಮಿಲಿಮೀಟರಿನ ಡ್ರಾಯರಿಗೆ ನಾಲ್ಕೂವರೆ ಅಂತರಗಳು ಹಿಡಿಯುತ್ತಿದ್ದವು. ಒಂದು ಅಂಚಿನಲ್ಲಿ ಅರ್ಧ ಪಿನ್ ಬಂದರೆ ಇನ್ನೊಂದು ಅಂಚಿನಲ್ಲಿ ಟೇಲ್ ನಡುವೆಯೇ ತುಂಡಾಗುತ್ತಿತ್ತು. ಅದು ಬರೀ ನೋಟದ ಪ್ರಶ್ನೆಯಲ್ಲ. ಅಂಚಿನಲ್ಲಿ ಉಳಿಯುವ ತುಂಡು ಟೇಲ್‌ಗೆ ಹೊರಬದಿಯಲ್ಲಿ ಅದನ್ನು ಹಿಡಿದಿಡುವ ಪಿನ್ ಇರುವುದಿಲ್ಲ, ಆ ಅಂಚು ಅಂಟಿನ ಮೇಲೆಯೇ ನಿಲ್ಲಬೇಕಾಗುತ್ತದೆ.

ಇಲ್ಲಿ ಎರಡು ದಾರಿಗಳಿದ್ದವು: ಅಂತರ ಬದಲಿಸಬಹುದಾದ ದುಬಾರಿ ಜಿಗ್ ಕೊಳ್ಳುವುದು, ಇಲ್ಲವೇ ಡ್ರಾಯರುಗಳ ಎತ್ತರವನ್ನೇ ಬದಲಿಸುವುದು. ಮರವನ್ನು ಇನ್ನೂ ಕೊಯ್ದಿರಲಿಲ್ಲವಾದ್ದರಿಂದ ಎರಡನೆಯದು ಸುಲಭವಾಗಿತ್ತು. ಐದು ಅಂತರಗಳಿಗೆ 111, ಆರಕ್ಕೆ 133, ಎಂಟಕ್ಕೆ 178 ಮಿಲಿಮೀಟರ್ ಎಂದು ಎತ್ತರಗಳನ್ನು ತಿದ್ದಿಕೊಂಡು, ಕಪಾಟಿನ ಒಟ್ಟು ಎತ್ತರದಲ್ಲಿ ಅವು ಕೂಡುತ್ತವೆಯೇ ಎಂದು ನೋಡಿದೆ. ಕೆಳಗಿನ ಪೀಠದ ಎತ್ತರವನ್ನು ಸ್ವಲ್ಪ ತಗ್ಗಿಸಿದ ಮೇಲೆ ಕೂಡಿದವು. ಕಪಾಟಿನ ಚೌಕಟ್ಟು ಆಗಲೇ ಸಿದ್ಧವಾಗಿ ಡ್ರಾಯರಿನ ಗೂಡುಗಳ ಅಳತೆ ಬದಲಿಸಲಾಗದಂತೆ ಇದ್ದಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಈ ಜಿಗ್ ನನಗೆ ಬೇಡವಾಗುತ್ತಿತ್ತು.

ಕೊಳ್ಳುವ ಮೊದಲು, ಗೆಳೆಯರೊಬ್ಬರ ಬಳಿ ಇದ್ದ ಇದೇ ಬಗೆಯ ಜಿಗ್‌ನಲ್ಲಿ ಕೆಲಸ ಮಾಡಿ ನೋಡುವ ಅವಕಾಶ ದೊರೆಯಿತು. ಸಾಧ್ಯವಿರುವವರು ಇದನ್ನು ಖಂಡಿತ ಮಾಡಬೇಕು. ಡ್ರಾಯರಿನ ಪಕ್ಕದ ಹಲಗೆಯನ್ನು ಮುಂಭಾಗದಲ್ಲಿ ನೆಟ್ಟಗೆ, ಮುಂದಿನ ಹಲಗೆಯನ್ನು ಮೇಲೆ ಅಡ್ಡಲಾಗಿ ಇಟ್ಟು, ಎರಡರ ನಡುವೆ ಅರ್ಧ ಅಂತರದಷ್ಟು, ಅಂದರೆ 7/16 ಇಂಚು, ಪಕ್ಕಕ್ಕೆ ಸರಿಸಿ ಬಿಗಿಯಬೇಕು. ಹಲಗೆಗಳ ಒಳಮೈ ಹೊರಗೆ ಕಾಣುವಂತೆ ಕೂರಿಸಬೇಕು. ಇದು ಮೊದಲಿಗೆ ಗೊಂದಲ ಹುಟ್ಟಿಸುವುದರಿಂದ ಪ್ರತಿ ಹಲಗೆಯ ಒಳಮೈಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ರೂಟರ್ ಒಮ್ಮೆ ಬೆರಳುಗಳ ನಡುವೆ ಹೋಗಿಬಂದರೆ ಟೇಲ್ ಮತ್ತು ಅದು ಕೂರುವ ಗುಳಿ ಎರಡೂ ಒಟ್ಟಿಗೆ ತಯಾರಾಗುತ್ತವೆ.

ಈ ಜಿಗ್‌ನ ಜೀವ ಇರುವುದು ಬಿಟ್ಟಿನ ಆಳದಲ್ಲಿ. ಸಾಮಾನ್ಯವಾಗಿ ಇದಕ್ಕೆ ಬಳಸುವುದು ಅರ್ಧ ಇಂಚು ವ್ಯಾಸದ, 14 ಡಿಗ್ರಿ ಓರೆಯ ಬಿಟ್. ಬಿಟ್ ಕೆಳಗಿಳಿದಷ್ಟೂ ಟೇಲ್‌ನ ತುದಿ ಅಗಲವಾಗುತ್ತದೆ, ಗುಳಿಯ ಬಾಯಿ ಕಿರಿದಾಗುತ್ತದೆ; ಆದ್ದರಿಂದ ಜೋಡಣೆ ಸಡಿಲವಾಗಿದ್ದರೆ ಬಿಟ್ ಇಳಿಸಬೇಕು, ಬಿಗಿಯಾಗಿದ್ದರೆ ಏರಿಸಬೇಕು. ಓರೆ 14 ಡಿಗ್ರಿ ಇರುವಾಗ ಬಿಟ್ 0.2 ಮಿಲಿಮೀಟರ್ ಇಳಿದರೆ ಬಿಗಿತ ಸುಮಾರು 0.1 ಮಿಲಿಮೀಟರ್ ಹೆಚ್ಚುತ್ತದೆ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ನನ್ನ ರೂಟರ್ ಹಿಡಿದು ನಿಲ್ಲಿಸುತ್ತದೆಯೇ ಎಂಬುದನ್ನು ಆ ಪರೀಕ್ಷೆಯಲ್ಲಿ ನೋಡಿಕೊಳ್ಳುವುದು ನನಗೆ ಮುಖ್ಯವಾಗಿತ್ತು. ಆಳವನ್ನು ತಿರುಪಿನಿಂದ ಹೊಂದಿಸುವ ರೂಟರ್ ಆದ್ದರಿಂದ ತೊಂದರೆಯಾಗಲಿಲ್ಲ. ಕೈಯಿಂದ ಎಳೆದು ಅಂದಾಜಿನಲ್ಲಿ ಬಿಗಿಯುವ ರೂಟರ್ ಆಗಿದ್ದರೆ ಪ್ರತಿ ಬಾರಿಯೂ ತಾಳ್ಮೆ ಪರೀಕ್ಷೆಗೆ ಒಳಗಾಗುತ್ತಿತ್ತು. ಟೇಲ್ ಗುಳಿಯೊಳಗೆ ಎಷ್ಟು ಒಳಗೆ ಹೋಗಬೇಕು ಎಂಬುದು ಮಾತ್ರ ಆಳಕ್ಕೆ ಸೇರಿದ ವಿಷಯವಲ್ಲ, ಅದಕ್ಕೆ ಟೆಂಪ್ಲೇಟನ್ನು ಹಿಂದೆ ಮುಂದೆ ಸರಿಸಬೇಕು. ಈ ಎರಡು ಹೊಂದಾಣಿಕೆಗಳನ್ನು ಒಂದಾದ ಮೇಲೆ ಒಂದರಂತೆ, ಮೊದಲು ಬಿಗಿತ ಆಮೇಲೆ ಮಟ್ಟ ಎಂಬ ಕ್ರಮದಲ್ಲಿ ಮಾಡಿದರೆ ಕೆಲಸ ಬೇಗ ಹದಕ್ಕೆ ಬರುತ್ತದೆ.

ಬಿಟ್ಟಿನ ದಂಡದ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಡವ್‌ಟೇಲ್ ಬಿಟ್‌ನಿಂದ ಬೇರೆ ಬಿಟ್‌ಗಳಂತೆ ಸ್ವಲ್ಪ ಸ್ವಲ್ಪವಾಗಿ ಆಳಕ್ಕೆ ಇಳಿಯಲಾಗದು, ಪೂರ್ಣ ಆಳದಲ್ಲಿಯೇ ಒಮ್ಮೆಗೇ ಕತ್ತರಿಸಬೇಕು. ಆದ್ದರಿಂದ ದಂಡದ ಮೇಲೆ ಒತ್ತಡ ಹೆಚ್ಚು. ಇತ್ತ ಬಿಟ್ಟನ್ನು ಸುತ್ತುವರಿದು ಟೆಂಪ್ಲೇಟಿನ ಬೆರಳುಗಳಿಗೆ ತಾಗಿ ಸಾಗುವ ಉಂಗುರವಾದ 7/16 ಇಂಚಿನ ಗೈಡ್ ಬುಷ್‌ನೊಳಗೆ ಅರ್ಧ ಇಂಚಿನ ದಂಡ ಹಿಡಿಸುವುದಿಲ್ಲ. ಜಿಗ್ ಜೊತೆಗೆ ಬರುತ್ತಿದ್ದದ್ದು ಕಾಲು ಇಂಚಿನ ದಂಡದ ಬಿಟ್. ಅದರ ಬದಲು 8 ಮಿಲಿಮೀಟರಿನ ದಂಡವಿರುವ ಬಿಟ್ ಬಳಸಿದರೆ ಬಾಗುವಿಕೆಗೆ ಅದು ಒಡ್ಡುವ ಪ್ರತಿರೋಧ ಸುಮಾರು ಎರಡೂವರೆ ಪಟ್ಟು ಹೆಚ್ಚು, ಏಕೆಂದರೆ ಈ ಗುಣ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಟ್ಟಿ ಮರದಲ್ಲಿ ಕೆಲಸ ಮಾಡುವ ನನಗೆ ಇದು ಬೇಕೆನಿಸಿತು. ಹೀಗಾಗಿ 8 ಮಿಲಿಮೀಟರಿನ ಕೊಲೆಟ್ (ರೂಟರಿನಲ್ಲಿ ದಂಡವನ್ನು ಹಿಡಿಯುವ ಭಾಗ) ಮತ್ತು ಬಿಟ್, ರೂಟರಿನ ತಳಕ್ಕೆ ಹೊಂದುವ ಗೈಡ್ ಬುಷ್, ಧೂಳು ಎಳೆಯುವ ಕೊಳವೆಯ ಜೋಡಣೆ ಇವುಗಳ ಬೆಲೆಯನ್ನು ಜಿಗ್‌ನ ಬೆಲೆಗೆ ಸೇರಿಸಿದೆ. ಸೇರಿಸಿದ ಮೇಲೆ ರಿಯಾಯಿತಿಯ ಬಹುಭಾಗ ಕರಗಿಹೋಯಿತು. ಆದರೂ ಉಳಿದ ಮೊತ್ತ ನನಗೆ ಒಪ್ಪಿಗೆಯಾಗುವಂತಿತ್ತು.

ಜಿಗ್ ಅನ್ನು ಕೈಗೆ ತೆಗೆದುಕೊಂಡು ಪರೀಕ್ಷಿಸುವಾಗ ನಾನು ನೋಡಿದ ಅಂಶಗಳು ಕೆಲವೇ. ಟೆಂಪ್ಲೇಟಿನ ಮೇಲೆ ಉಕ್ಕಿನ ಪಟ್ಟಿಯನ್ನು ನಿಲ್ಲಿಸಿ ಬೆಳಕಿಗೆ ಹಿಡಿದು, ಅದು ಬಾಗಿಲ್ಲವೆಂದು ಖಚಿತಪಡಿಸಿಕೊಂಡೆ. ಒತ್ತುಪಟ್ಟಿಯ ಒಂದೇ ಬದಿಯಲ್ಲಿ ಕಿರಿದಾದ ಹಲಗೆ ಇಟ್ಟು ಬಿಗಿದಾಗ ಪಟ್ಟಿ ಓರೆಯಾಗುವುದು ಸಹಜ. ಅಷ್ಟೇ ದಪ್ಪದ ಇನ್ನೊಂದು ತುಂಡನ್ನು ಮತ್ತೊಂದು ಬದಿಯಲ್ಲಿ ಇಟ್ಟಾಗ ಹಿಡಿತ ಸರಿಯಾಗುತ್ತದೆಯೇ ಎಂದು ನೋಡಿದೆ. ಹಲಗೆ ತಾಗಿ ನಿಲ್ಲುವ ಅಡ್ಡತಡೆಗಳು ಬಿಗಿದ ಮೇಲೆ ಅಲುಗದಿರಬೇಕು, ಬಲ ಮತ್ತು ಎಡ ಎರಡೂ ಬದಿಯಲ್ಲಿ ಇರಬೇಕು. ಡ್ರಾಯರಿನ ಕರ್ಣದ ಎದುರುಬದುರಿನ ಎರಡು ಮೂಲೆಗಳನ್ನು ಜಿಗ್‌ನ ಎಡಬದಿಯಲ್ಲಿ, ಉಳಿದೆರಡನ್ನು ಬಲಬದಿಯಲ್ಲಿ ಕತ್ತರಿಸಬೇಕಾಗುವುದರಿಂದ ಎರಡು ಬದಿಯ ತಡೆಗಳ ನಡುವೆ ವ್ಯತ್ಯಾಸವಿದ್ದರೆ ಡ್ರಾಯರು ಜೋಡಿಸುವಾಗ ಅಂಚುಗಳು ಏರುಪೇರಾಗುತ್ತವೆ.

ಕೊನೆಗೆ ಕೊಂಡೆ. ಮರವನ್ನು ಒಂದೇ ದಪ್ಪಕ್ಕೆ ಕೀಸಿ, ತುದಿಗಳನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕತ್ತರಿಸಿಕೊಂಡು ಕೆಲಸ ಆರಂಭಿಸಿದೆ. ಕೈಕೆಲಸದಲ್ಲಿ ಒಂದು ಹಲಗೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಗುರುತು ಮಾಡುವಾಗಲೇ ಅದನ್ನು ಸರಿದೂಗಿಸಬಹುದು, ಜಿಗ್‌ನಲ್ಲಿ ಹಾಗಾಗದು. ಚಕ್ಕೆ ಏಳದಿರಲೆಂದು ಮೊದಲು ನೆಟ್ಟಗಿರುವ ಹಲಗೆಯ ಮೇಲ್ಮೈಯನ್ನು ಬಲದಿಂದ ಎಡಕ್ಕೆ ಬಹಳ ತೆಳುವಾಗಿ ಸವರಿ, ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಬೆರಳಿನ ನಡುವೆ ಪೂರ್ಣವಾಗಿ ಕತ್ತರಿಸಿದೆ. ಈ ಮೊದಲ ಸವರಿಕೆಯಲ್ಲಿ ಬಿಟ್ ರೂಟರನ್ನು ಮುಂದಕ್ಕೆ ಎಳೆಯುವುದರಿಂದ ಎರಡೂ ಕೈಗಳ ಹಿಡಿತ ಭದ್ರವಾಗಿರಬೇಕು. ಕತ್ತರಿಸಿ ಮುಗಿದ ಕೂಡಲೇ ರೂಟರನ್ನು ಮೇಲಕ್ಕೆ ಎತ್ತಬಾರದು. ಬಿಟ್ಟಿನ ತಲೆ ಬುಷ್‌ನ ತೂತಿಗಿಂತ ದೊಡ್ಡದು, ಎತ್ತಿದರೆ ಅದು ತಿರುಗುತ್ತಲೇ ಟೆಂಪ್ಲೇಟಿನ ಬೆರಳನ್ನೂ ಜೋಡಣೆಯನ್ನೂ ಕಚ್ಚುತ್ತದೆ. ತನ್ನತ್ತ ಎಳೆದುಕೊಂಡು, ಹೊರಗೆ ಬಂದ ಮೇಲೆ ಸ್ವಿಚ್ ಆರಿಸಿ, ತಿರುಗುವುದು ಪೂರ್ತಿ ನಿಂತ ಮೇಲೆಯೇ ಎತ್ತಬೇಕು.

ಡ್ರಾಯರುಗಳು ಮುಗಿದ ಮೇಲೆ, ಸರಿಯಾಗಿ ಹೊಂದಿದ ಒಂದು ಪರೀಕ್ಷಾ ಮೂಲೆಯನ್ನು ಬಿಡಿಸಿ, ಅದರ ಮೇಲೆ ಹಲಗೆಯ ದಪ್ಪ, ಬಿಟ್ಟಿನ ಓರೆ ಮತ್ತು ಟೆಂಪ್ಲೇಟಿನ ಅಳತೆಯನ್ನು ಬರೆದು ಇಟ್ಟುಕೊಂಡಿದ್ದೇನೆ. ಮುಂದಿನ ಬಾರಿ ಬಿಟ್ಟನ್ನು ಆ ತುಂಡಿನ ಗುಳಿಗೆ ತಾಗಿಸಿ ಆಳ ಹೊಂದಿಸಿದರೆ ಪರೀಕ್ಷೆಗೆ ಬೇಕಾಗುವ ಮರ ಬಹಳ ಕಡಿಮೆಯಾಗುತ್ತದೆ.

ಕೆಲವು ತಿಂಗಳ ನಂತರ ಅಂತರ ಬದಲಿಸಬಹುದಾದ ದೊಡ್ಡ ಜಿಗ್ ಒಂದು ಇದಕ್ಕಿಂತ ಆಕರ್ಷಕವಾದ ರಿಯಾಯಿತಿಯಲ್ಲಿ ಬಂದಿತು. ಅದೇ ಹಾಳೆಯನ್ನು ಮತ್ತೆ ತೆರೆದು ನೋಡಿದೆ. ಅದು ನನಗೆ ಉಪಯೋಗವಾಗಬೇಕಾದದ್ದು ಥ್ರೂ ಡವ್‌ಟೇಲ್‌ಗಳಿಗೆ. ಆದರೆ ಪೆಟಾರಿ ಮತ್ತು ಪೆಟ್ಟಿಗೆಗಳಲ್ಲಿ ನನಗೆ ಇಷ್ಟವಾಗುವುದು ಗರಗಸದ ಅಲಗು ಹಿಡಿಸುವಷ್ಟೇ ತೆಳುವಾದ ಪಿನ್‌ಗಳು, ಮೆದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8ರ ಓರೆ. ರೂಟರಿನಲ್ಲಿ ಬಿಟ್ಟಿನ ದಂಡ ಎರಡು ಟೇಲ್‌ಗಳ ನಡುವೆ ಹಾದುಹೋಗಲೇಬೇಕಾದ್ದರಿಂದ ಪಿನ್‌ನ ಕಿರಿದಾದ ತುದಿ ದಂಡಕ್ಕಿಂತ ತೆಳುವಾಗಲು ಸಾಧ್ಯವಿಲ್ಲ. ಆ ಮೂಲೆಗಳು ಲೆಕ್ಕದಲ್ಲಿಯೂ ಕಡಿಮೆ, ಅಳತೆಯೂ ಪ್ರತಿ ಸಲ ಬೇರೆ. ಅದನ್ನು ಕೊಳ್ಳಲಿಲ್ಲ, ಆ ಹಣದಲ್ಲಿ ಸಣ್ಣ ಹಲ್ಲಿನ ಒಂದು ಒಳ್ಳೆಯ ಗರಗಸವನ್ನೂ ಪಿನ್‌ಗಳ ಮೂಲೆಗೆ ತಲುಪುವಂತೆ ಅಂಚು ತೆಳುವಾಗಿರುವ ಎರಡು ಉಳಿಗಳನ್ನೂ ತಂದುಕೊಂಡೆ.